ಮೇಷ್ಟ್ರು ಹಾಕಿದ ಮಡ್‌ಗಾರ್ಡ್

"ನಾಲ್ಕು ಸ್ಕ್ರೂ ತಿರುಗಿಸೋಕೆ ಮೆಕ್ಯಾನಿಕ್ ಬೇಕೇನ್ರೀ? ಮೂವತ್ತೊಂದು ವರ್ಷ ಫಿಸಿಕ್ಸ್ ಪಾಠ ಹೇಳಿದೀನಿ!"

ಬಸವೇಶ್ವರನಗರದ ಚಕ್ರಪಾಣಿ ಮೇಷ್ಟ್ರು ಹೀಗೆ ಗುಡುಗಿದ ಮೇಲೆ ಕಾರಿನ ಬಿಡಿಭಾಗದ ಅಂಗಡಿಯ ಲಿಂಗಪ್ಪ ತಾನೇ ಏನು ಮಾಡಿಯಾನು? "ಫಿಟ್ಟಿಂಗ್ ಫ್ರೀ ಸಾರ್, ಹತ್ತೇ ನಿಮಿಷ" ಎಂದ. ಮೇಷ್ಟ್ರು ಕೇಳಲಿಲ್ಲ. "ಹೋಗ್ಲಿ, ಮುಂದಿಂದು ಯಾವ್ದು ಹಿಂದಿಂದು ಯಾವ್ದು ಅಂತಾದ್ರೂ ನೋಡ್ಕೊಳ್ಳಿ" ಎಂದು ಕೂಗಿದ. ಅಷ್ಟರಲ್ಲಿ ಮೇಷ್ಟ್ರು ರಸ್ತೆ ದಾಟಿಯಾಗಿತ್ತು.

ಮಡ್‌ಗಾರ್ಡಿನ ಈ ಮಹಾಯಜ್ಞ ನಡೆದದ್ದು ಹೆಂಡತಿ ಪಂಕಜಾಗಾಗಿ. ಐವತ್ನಾಲ್ಕನೆಯ ವಯಸ್ಸಿನಲ್ಲಿ ಆಕೆ ಡ್ರೈವಿಂಗ್ ಕಲಿತಿದ್ದಳು. ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ತಿಂಗಳು ನಾಗರಬಾವಿಯ ಖಾಲಿ ರಸ್ತೆಗಳಲ್ಲಿ ಬೆವರು ಸುರಿಸಿ, ಎರಡನೇ ಸಲಕ್ಕೆ ಲೈಸೆನ್ಸ್ ಪಡೆದು, "ಕೆಂಗೇರಿಗೆ ನಾನೇ ಕಾರ್ ಓಡಿಸ್ಕೊಂಡ್ ಬರ್ತೀನಿ ಕಣೇ!" ಎಂದು ತಂಗಿ ಲತಾಗೆ ಮಾತು ಕೊಟ್ಟಿದ್ದಳು. ಭಾನುವಾರ ಲತಾಳ ಮನೆಯ ಗೃಹಪ್ರವೇಶ. ನೆಂಟರಿಷ್ಟರೆಲ್ಲ ಗೇಟಿನ ಮುಂದೆ ಕಾದು ನಿಂತಿರುತ್ತಾರೆ. ಅಂಥ ದಿನ ಕಾರಿಗೆ ಕೆಸರು ಮೆತ್ತಿಕೊಂಡರೆ ಹೆಂಡತಿಯ ಮರ್ಯಾದೆ ಏನಾಗಬೇಕು?

ಶನಿವಾರ ಸಂಜೆ ಮೇಷ್ಟ್ರು ನೆಲದ ಮೇಲೆ ಅಂಗಾತ ಮಲಗಿ, ಎರಡು ಬೆರಳು ಜಜ್ಜಿಕೊಂಡು, ನಾಲ್ಕು ಚಕ್ರಗಳ ಹಿಂದೆಯೂ ರಬ್ಬರ್ ಮಡ್‌ಗಾರ್ಡ್ ಕೂರಿಸಿಯೇಬಿಟ್ಟರು. ಮುಂದಿನವು ಯಾಕೋ ದೊಡ್ಡವಾದವು, ಹಿಂದಿನವು ಚಿಕ್ಕವಾದವು. "ಕಂಪನಿಯವರಿಗೆ ಅಳತೆ ಗೊತ್ತಿಲ್ಲ!" ಎಂದು ತೀರ್ಪು ಕೊಟ್ಟು ಕೈ ತೊಳೆದುಕೊಂಡರು.

ಭಾನುವಾರ ಬೆಳಗ್ಗೆ ರೇಷ್ಮೆ ಸೀರೆಯುಟ್ಟ ಪಂಕಜಾ ಸ್ಟಿಯರಿಂಗ್ ಹಿಡಿದಳು. ಪಕ್ಕದಲ್ಲಿ ಜರಿ ಪಂಚೆಯ ಮೇಷ್ಟ್ರು. ನೇರ ರಸ್ತೆಯಲ್ಲಿ ಕಾರು ಬೆಣ್ಣೆಯಂತೆ ಹೋಯಿತು. ಮೊದಲ ತಿರುವು ಬಂತು. ಕರ್ರ್ರ್!

"ಅಯ್ಯೋ, ಏನ್ರೀ ಅದು?"

ಮೇಷ್ಟ್ರಿಗೆ ಲಿಂಗಪ್ಪ ಕೂಗಿದ್ದರ ಅರ್ಥ ಆ ಕ್ಷಣದಲ್ಲಿ ಹೊಳೆಯಿತು. ಹಿಂದಿನ ಮಡ್‌ಗಾರ್ಡು ಮುಂದೆ ಕೂತಿದೆ, ಚಕ್ರ ಪಕ್ಕಕ್ಕೆ ಹೊರಳಿದಾಗಲೆಲ್ಲ ಟೈರಿಗೆ ಉಜ್ಜುತ್ತಿದೆ! ಹೇಳಿಬಿಡಬಹುದಿತ್ತು. ಆದರೆ "ತಪ್ಪು ನಂದು" ಎಂದು ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಹೇಳದ ನಾಲಿಗೆ ಅದು.

"ನೀನು ಸ್ಟಿಯರಿಂಗ್ ತಿರುಗಿಸೋ ರೀತಿ ಸರಿಯಿಲ್ಲ. ನಿಧಾನ, ನಿಧಾನ!"

ಎರಡನೆಯ ತಿರುವಿನಲ್ಲಿ ಆಕೆ ನಿಧಾನವಾಗಿಯೇ ತಿರುಗಿಸಿದಳು. ಆಗಲೂ ಕರ್ರ್ರ್! ಮೂರನೆಯದು ನಾಗರಬಾವಿ ಸರ್ಕಲ್ಲು. ಹಿಂದಿನ ಟೆಂಪೋದವನ ಹಾರ್ನು ಬೇರೆ. ಪಂಕಜಾ ಕಾರನ್ನು ಪಕ್ಕಕ್ಕೆ ಹಾಕಿ, ಇಂಜಿನ್ ಆರಿಸಿ, ಕೀ ಗಂಡನ ಕೈಗಿಟ್ಟಳು.

"ನನ್ ಕೈಲಿ ಆಗಲ್ಲ ಕಣ್ರೀ. ನೀವೇ ಓಡಿಸಿ. ಲತಾಗೆ ಏನಾದ್ರೂ ಹೇಳೋಣ."

ಆಕೆಯ ಕಣ್ಣಲ್ಲಿ ನೀರಿತ್ತು. ಮೇಷ್ಟ್ರಿಗೆ ಕೂತಲ್ಲೇ ಭೂಮಿ ಬಾಯ್ಬಿಡಬಾರದೇ ಎನಿಸಿತು. ಛೇ, ಎಂಥ ಪಾಪಿ ನಾನು!

"ತಪ್ಪು ನಂದು ಪಂಕಜಾ. ಮಡ್‌ಗಾರ್ಡ್ ಉಲ್ಟಾ ಹಾಕ್ಬಿಟ್ಟಿದೀನಿ. ನೀನು ಚೆನ್ನಾಗೇ ಓಡಿಸ್ತಿದೀಯ."

"ಯಾವಾಗ ಗೊತ್ತಾಯ್ತು?"

"ಮೊದಲನೇ ತಿರುವಲ್ಲೇ..."

ಪಂಕಜಾ ಕಣ್ಣೊರೆಸಿಕೊಂಡಳು. ಕೀಯನ್ನು ವಾಪಸ್ ಕಿತ್ತುಕೊಂಡಳು. "ಇಳೀರಿ. ಬಿಚ್ಚಿ."

ಮೇಷ್ಟ್ರು ಜರಿ ಪಂಚೆ ಮೇಲೆ ಕಟ್ಟಿ, ರಸ್ತೆಯಲ್ಲಿ ಮಂಡಿಯೂರಿ, ಮುಂದಿನ ಎರಡನ್ನೂ ಬಿಚ್ಚಿದರು. ಎದ್ದು ಮಂಡಿ ಕೊಡವಿಕೊಳ್ಳುವಷ್ಟರಲ್ಲಿ ಕಾರು ಹೊರಟಿತು. ಹತ್ತಡಿ ಮುಂದೆ ನಿಲ್ಲಿಸುತ್ತಾಳೆ ಎಂದುಕೊಂಡರು. ನಿಲ್ಲಿಸಲಿಲ್ಲ! ಇಂಡಿಕೇಟರ್ ಹಾಕಿದಳು, ಸರ್ಕಲ್ಲನ್ನು ಲಕ್ಷಣವಾಗಿ ಸುತ್ತಿದಳು, ಮಾಯವಾದಳು.

ಎರಡೂ ಕೈಯಲ್ಲಿ ರಬ್ಬರು ಹಿಡಿದು ನಿಂತ ಜರಿ ಪಂಚೆಯವರನ್ನು ನೋಡಿ ಮೂರು ಆಟೋದವರು "ಕೆಂಗೇರಿ ಬರಲ್ಲ ಸಾರ್" ಎಂದರು. ಎರಡು ಬಸ್ಸು ಬದಲಿಸಿ ತಲುಪುವಾಗ ಎರಡನೇ ಪಂಕ್ತಿ ಊಟವೂ ಮುಗಿಯುತ್ತಿತ್ತು. ಪಂಕಜಾ ಗೇಟಿನೊಳಗೆ ಕಾರು ತಂದದ್ದು, ನೆಂಟರೆಲ್ಲ ಚಪ್ಪಾಳೆ ತಟ್ಟಿದ್ದು, ಲತಾ ಓಡಿಬಂದು ಅಕ್ಕನನ್ನು ತಬ್ಬಿಕೊಂಡದ್ದು ಎಲ್ಲವನ್ನೂ ಮೇಷ್ಟ್ರು ಬೇರೆಯವರ ಬಾಯಲ್ಲಿ ಕೇಳಿದರು. ಮೂರು ತಿಂಗಳು ಪಕ್ಕದಲ್ಲಿ ಕೂತು ಕಾದ ಆ ಗಳಿಗೆಯನ್ನು ನೋಡುವ ಭಾಗ್ಯ ಅವರೊಬ್ಬರಿಗೇ ಇರಲಿಲ್ಲ.

ಲತಾ ಎಲೆಗೆ ಪಾಯಸ ಬಡಿಸುತ್ತಾ ನಕ್ಕಳು.

"ಭಾವ, ದಾರೀಲಿ ಕಾರಲ್ಲಿ ಏನೋ ಕೆಟ್ಟ ಸದ್ದು ಬರ್ತಿತ್ತಂತೆ? ಅಕ್ಕ ಎಂಥಾ ಗಟ್ಟಿಗಿತ್ತಿ ನೋಡಿ, ಸದ್ದು ಎಲ್ಲಿಂದ ಅಂತ ತಾನೇ ಕಂಡುಹಿಡಿದ್ಳಂತೆ. ನಿಮ್ಮನ್ನ ಇಳಿಸಿದ ತಕ್ಷಣ ನಿಂತೇಹೋಯ್ತಂತೆ!"