ಭಾವನ ಪೇಪರ್ ಎಣಿಕೆ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಕಣ್ಣಿನ ಒಂದು ಚಿಕಿತ್ಸೆಯ ಬಗ್ಗೆ ಜಗತ್ತಿನಲ್ಲಿ ಯಾರು ಏನು ಬರೆದರೂ ಬಿಡುವವರಲ್ಲ. ಆದರೆ ನಿಮ್ಮ ಕಣ್ಣಿಗೆ ಕಸ ಬಿದ್ದರೆ ಊದಲಿಕ್ಕೂ ಅವರಿಗೆ ಬಾರದು!

ಮಣಿಪಾಲದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಅವರಿಗೆ ಕೆಲಸ. ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು, ಗಟ್ಟಿ ಮಾಡುವ ಚಿಕಿತ್ಸೆಯೊಂದರ ಮೇಲೆ ಯಾವ ವರ್ಷ ಎಷ್ಟು ಸಂಶೋಧನಾ ಲೇಖನ ಬಂದಿದೆ, ಯಾವ ದೇಶದಿಂದ, ಯಾರ ಜೊತೆ ಯಾರು ಸೇರಿ ಬರೆದಿದ್ದಾರೆ ಎಂದು ಲೆಕ್ಕ ಹಾಕಿ ಕೊಡಿ ಅಂತ ಯಾರೋ ಡಾಕ್ಟರು ಕೇಳಿದರಂತೆ. ಡಾಕ್ಟರು ಲೆಕ್ಕ ತೆಗೆದುಕೊಂಡು ಹೋದರು. ಭಾವ ಮಾತ್ರ ಇನ್ನೂ ಅಲ್ಲಿಂದ ಎದ್ದಿಲ್ಲ. ಲೇಖನದ ಒಳಗೆ ಏನುಂಟೆಂದು ಓದುತ್ತಾರಾ? ಛೆ, ಛೆ! ಹೆಸರು, ಊರು, ವರ್ಷ, ಅಷ್ಟೇ ಬೇಕು. ಊಟಕ್ಕೆ ಕರೆದರೆ ಊಟ ಮಾಡದೆ, ಹೊರಗೆ ಬಿಟ್ಟ ಚಪ್ಪಲಿ ಎಣಿಸಿಕೊಂಡು ಬಂದ ಹಾಗೆ.

ಒಮ್ಮೆ ಕಾಪುವಿನ ನಮ್ಮ ಮನೆಗೆ ಬಂದಾಗ ಅಮ್ಮ ಅಕ್ಕನನ್ನು ಕೇಳಿದರು, "ಅಳಿಯಂದಿರು ದಿನವಿಡೀ ಎಂತ ಮಾಡುವುದು?"

"ಪೇಪರ್ ನೋಡುವುದು."

ಅಮ್ಮನಿಗೆ ಪೇಪರ್ ಎಂದರೆ ಬೆಳಿಗ್ಗೆ ಅಂಗಳಕ್ಕೆ ಬಂದು ಬೀಳುವಂಥದ್ದು. "ನಮ್ಮಲ್ಲಿ ಬೇಕಾದಷ್ಟು ಉಂಟಲ್ಲ!" ಎಂದು ಹಳೇ ಪೇಪರಿನ ಕಟ್ಟುಗಳನ್ನೆಲ್ಲ ಅವರ ಕಾರಿನ ಡಿಕ್ಕಿಗೆ ತುಂಬಿಸಿಯೇ ಬಿಟ್ಟರು. ಪುಣ್ಯಾತ್ಮ, ಥ್ಯಾಂಕ್ಸ್ ಹೇಳಿ ತೆಗೆದುಕೊಂಡು ಹೋದರು.

ಕಾರ್ಕಳದ ಒಂದು ಗೃಹಪ್ರವೇಶದಲ್ಲಿ ಊಟಕ್ಕೆ ಕಾಯುತ್ತಾ ಭಾವ ಮೊಬೈಲಿನಲ್ಲಿ, ವರ್ಷಕ್ಕೆ ಎಷ್ಟು ಲೇಖನ ಬಂತೆಂಬ ತಮ್ಮ ಗ್ರಾಫ್ ನೋಡುತ್ತಿದ್ದರು. ಮುಖ ಬಾಡಿತ್ತು. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ನೆಂಟರೊಬ್ಬರು ಬಗ್ಗಿ ನೋಡಿದರು.

"ಬಿತ್ತಾ ಮಾರಾಯ್ರೇ?"

"ಇಳೀತಾ ಉಂಟು," ಎಂದರು ಭಾವ.

"ನನ್ನದೂ ಸ್ವಲ್ಪ ಉಂಟು. ಮಾರುವುದಾ, ಇಟ್ಟುಕೊಳ್ಳುವುದಾ?"

ಭಾವ ಗಾಬರಿಯಾದರು. "ಕಾರ್ನಿಯಾವಾ? ಅದನ್ನು ಮಾರಲಿಕ್ಕಿಲ್ಲ! ದಾನ ಮಾಡಬಹುದು, ಅದೂ ಸತ್ತ ಮೇಲೆ!"

ಷೇರು ಮಾರುಕಟ್ಟೆಯ ನೆಂಟರು ಆಮೇಲೆ ಬೇರೆ ಪಂಕ್ತಿಯಲ್ಲಿ ಕೂತರು.

ಹೀಗೆ ನಗುತ್ತಾ ಇದ್ದವರಿಗೆ ಕಳೆದ ಬೇಸಿಗೆಯಲ್ಲಿ ನಗು ನಿಂತಿತು. ನಿಟ್ಟೆಯಲ್ಲಿ ಓದುವ ನನ್ನ ಮಗಳ ಕನ್ನಡಕದ ನಂಬರ್ ಮತ್ತೆ ಮತ್ತೆ ಬದಲಾಗುತ್ತಿತ್ತು. ಪರೀಕ್ಷೆ ಮಾಡಿದ ಡಾಕ್ಟರು, ಕಾರ್ನಿಯಾ ತೆಳ್ಳಗಾಗಿ ಚೂಪಾಗುತ್ತಿದೆ, ಬೇಗ ಈ ಚಿಕಿತ್ಸೆ ಮಾಡಿಸಿ ಎಂದರು. ಇದ್ದ ದೃಷ್ಟಿ ಉಳಿಸಿಕೊಳ್ಳಬಹುದು, ಹೋದದ್ದು ಬರುತ್ತದೆಂದು ಹೇಳಲಾರೆ ಎಂದೂ ಸೇರಿಸಿದರು. ಯಾವ ಚಿಕಿತ್ಸೆ? ಭಾವನದ್ದೇ!

"ಕಣ್ಣಿಗೆ ವಿಟಮಿನ್ ಹನಿ ಹಾಕಿ ಬೆಳಕಿಗೆ ಹಿಡಿಯುವುದಾ? ಹಪ್ಪಳ ಒಣಗಿಸಿದ ಹಾಗೆ?" ಎಂದು, ಚಿಕಿತ್ಸೆ ಹೇಗೆಂದು ನಾನು ವಿವರಿಸಿದಾಗ, ಅಮ್ಮ ಕೇಳಿದರು. ಯಾರೂ ನಗಲಿಲ್ಲ.

ಮಗಳು ಭಾವನ ಕೈ ಹಿಡಿದಳು. "ಮಾವ, ನಿಮಗೆ ಎಲ್ಲ ಗೊತ್ತುಂಟಲ್ಲ. ಹೇಳಿ, ನನಗೆ ಕಣ್ಣು ಕಾಣುತ್ತಾ ಇರ್ತದಲ್ವಾ?"

ಭಾವ ಮೆಲ್ಲಗೆ ಹೇಳಿದರು, "ಬರೆದವರ ಹೆಸರು ಮಾತ್ರ ನನಗೆ ಗೊತ್ತಿರುವುದು ಮಗಾ. ನಾನು ಓದಿ ಹೇಳ್ತೇನೆ."

ಕೆಲಸಕ್ಕೆ ರಜೆ ಹಾಕಿ ಓದಿದರು. ಅರ್ಥವಾಗದ್ದನ್ನು ಡಾಕ್ಟರ ಬಾಗಿಲಲ್ಲಿ ನಿಂತು ಕೇಳಿ ಬಂದರು. ಕೊನೆಗೆ ಅವಳೆದುರು ಕೂತು ಒಂದನ್ನೂ ಮುಚ್ಚಿಡದೆ ಹೇಳಿದರು, "ಕೆಲವು ದಿನ ಉರಿ ಉಂಟು, ನೋವು ಉಂಟು. ಹೆಚ್ಚಿನವರಿಗೆ ಕಾರ್ನಿಯಾ ತೆಳ್ಳಗಾಗುವುದು ಅಲ್ಲಿಗೇ ನಿಲ್ತದೆ. ಎಲ್ಲರಿಗೂ ಅಂತ ಯಾರೂ ಬರೆದಿಲ್ಲ." ಸುಳ್ಳು ಸಮಾಧಾನ ಹೇಳದ ಆ ಮಾತಿಗೇ ನನ್ನ ಮಗಳು ಧೈರ್ಯ ಮಾಡಿ ಚಿಕಿತ್ಸೆಗೆ ಒಳಗೆ ಹೋದದ್ದು.

ಮೊನ್ನೆ ತಪಾಸಣೆ ಇತ್ತು. ಕಾರ್ನಿಯಾ ಇದ್ದಲ್ಲೇ ನಿಂತಿದೆ, ದೃಷ್ಟಿಗೆ ಸದ್ಯಕ್ಕೆ ಭಯವಿಲ್ಲ ಎಂದರು ಡಾಕ್ಟರು. ಭಾವನಿಗೆ ಅಲ್ಲಿಂದಲೇ ಫೋನ್ ಮಾಡಿದೆ. "ಹೌದಾ?" ಎಂದವರು ಫೋನನ್ನು ಅಕ್ಕನ ಕೈಗೆ ಕೊಟ್ಟು ಹೋದರು.

"ಎಲ್ಲಿಗೆ ಹೋದರು ಅಕ್ಕಾ?"

"ಬಾತ್‌ರೂಮಿಗೆ," ಎಂದಳು ಅಕ್ಕ. "ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳ್ತಾ ಇದ್ದಾರೆ ಮಾರಾಯ, ಯಾರಿಗೂ ಕೇಳಬಾರದು ಅಂತ."