ಎಡೆ ಉಂಡ ಹುಂಜ

“ಒಂದೇ ವರ್ಷ ಟೈಮ್ ಕೊಡು ಮಂಜುಶ್ರೀ! ನವಿಲು ನಾಚೋ ಬಣ್ಣ, ಕುರಿಮರಿಯಷ್ಟು ಗಾತ್ರ, ಹಸುವಿನಂಥ ಗುಣ. ಈ ಮೂರೂ ಇರೋ ಹುಂಜನ್ನ ತಂದು ನಿನ್ನ ಮುಂದೆ ನಿಲ್ಲಿಸ್ದೇ ಇದ್ರೆ ನನ್ನ ಹೆಸರು ಶಾಂತಮಲ್ಲಪ್ಪನೇ ಅಲ್ಲ!”

ಗೆಳೆಯ ಧರ್ಮನ ತಿಥಿಯ ದಿನ, ದೋಣಿಗಲ್ಲಿನ ಅವನ ಮನೆಯ ಹಿತ್ತಲಲ್ಲಿ ನಿಂತು, ಅವನ ಹೆಂಡತಿಯ ಎದುರು ಶಾಂತಮಲ್ಲಪ್ಪ ಮಾಡಿದ ಭೀಷ್ಮಪ್ರತಿಜ್ಞೆ ಇದು. ಮಾಡಿದವರು ಯಾರು? ಸಕಲೇಶಪುರದ ಕಾಲೇಜೊಂದರಲ್ಲಿ ಲೈಬ್ರೆರಿಯನ್ ಆಗಿದ್ದು ನಿವೃತ್ತರಾದವರು. ಲಿಂಗಪೂಜೆ ಆಗದೆ ಬಾಯಿಗೆ ಕಾಫಿ ಹಾಕದವರು. ಕೇಕಿನಲ್ಲಿ ಮೊಟ್ಟೆ ಇರುತ್ತದೆಂದು ಬೇಕರಿ ಮುಂದೆ ಉಸಿರು ಬಿಗಿಹಿಡಿದು ನಡೆಯುವ ಮನೆತನದವರು! ಕೋಳಿಯನ್ನು ಅವರು ಹತ್ತಿರದಿಂದ ನೋಡಿದ್ದೇ ಧರ್ಮನ ಹಿತ್ತಲಲ್ಲಿ.

ಧರ್ಮನದು ಹೆದ್ದಾರಿ ಪಕ್ಕದಲ್ಲಿ ಜೀಪ್ ರಿಪೇರಿಯ ಶೆಡ್. ಕೈಯಲ್ಲಿ ಗ್ರೀಸು, ತಲೆಯಲ್ಲಿ ಕೋಳಿ. ಭಾನುವಾರ ಶಾಂತಮಲ್ಲಪ್ಪ ಹೋದರೆ ಇಬ್ಬರೂ ಹಿತ್ತಲ ಕಲ್ಲಿನ ಮೇಲೆ ಕಾಫಿ ಲೋಟ ಹಿಡಿದು ಕೂರುವರು. ಯಾವ ಹುಂಜಕ್ಕೆ ಯಾವ ಕೋಳಿಯ ಸಂಬಂಧ ಕೂಡಿಬರುತ್ತದೆ ಎಂದು ಧರ್ಮ ಮದುವೆ ದಲ್ಲಾಳಿಯ ಗಾಂಭೀರ್ಯದಿಂದ ವಿವರಿಸುವನು. ವರ್ಷಗಟ್ಟಲೆ ಹೀಗೆ ಸಂಬಂಧ ಕೂಡಿಸಿ ಕೂಡಿಸಿ ಬಣ್ಣ ಬಂದಿತ್ತು, ಗಾತ್ರವೂ ಬಂದಿತ್ತು. ಗುಣ ಮಾತ್ರ ಬಂದಿರಲಿಲ್ಲ. ಅವನ ಹೆಮ್ಮೆಯ ಹುಂಜ ‘ಚೇರ್ಮನ್’ ತಾಮ್ರ, ಹಸಿರು, ನೀಲಿ, ಕೆಂಪನ್ನೆಲ್ಲ ಮೈಮೇಲೆ ಹೊತ್ತು ಮದುಮಗನಂತೆ ನಡೆದು ಬರುತ್ತಿತ್ತು. ಬಂದು ಸೀದಾ ಮೊಣಕಾಲಿಗೆ ಒದೆಯುತ್ತಿತ್ತು!

“ಸಾಕಿದೋರ್ನೇ ಒದೀತದಲ್ಲೋ ಇದು!”

“ತಡ್ಕೋ ಮಾರಾಯ. ಒಂದಿನ ಎಂಥಾ ಹುಂಜ ಮಾಡ್ತೀನಿ ನೋಡು. ಕರೆದ್ರೆ ತೊಡೆ ಮ್ಯಾಲೆ ಬಂದು ಕೂರ್ಬೇಕು. ನನ್ನ ಎಲೇಲೇ ಅನ್ನ ಉಣ್ಬೇಕು. ಅಂಥಾದ್ದು!”

ಅಂಥಾದ್ದು ಹುಟ್ಟುವ ಮೊದಲೇ ಒಂದು ಮಧ್ಯಾಹ್ನ, ಘಾಟಿಯ ತಿರುವಿನಲ್ಲಿ ಲಾರಿ ಕೆಟ್ಟಿದೆ ಎಂದು ಯಾರೋ ಕರೆದರು. ಉಣ್ಣುತ್ತಿದ್ದವನು ಕೈ ತೊಳೆದು ಎದ್ದು ಹೋದ. ಲಾರಿ ಸ್ಟಾರ್ಟ್ ಆಯಿತು. ಅದರ ಪಕ್ಕದಲ್ಲೇ ಧರ್ಮನ ಎದೆ ನಿಂತಿತು. ಇದಕ್ಕಿಂತ ಉದ್ದವಾಗಿ ಆ ಸಂಗತಿ ಹೇಳಲು ಶಾಂತಮಲ್ಲಪ್ಪನವರಿಗೆ ಇವತ್ತಿಗೂ ಬರುವುದಿಲ್ಲ.

ಕೋಳಿಗಳನ್ನು ನೆಂಟರೆಲ್ಲ ಕಣ್ಣಲ್ಲೇ ಪಾಲು ಮಾಡಿಕೊಳ್ಳುತ್ತಿದ್ದುದನ್ನು ಕಂಡು, ತಿಥಿಯ ದಿನ ಅವರು ಪ್ರತಿಜ್ಞೆ ಮಾಡಿದ್ದು. ಸಂಜೆ ಸ್ಕೂಟರಿನ ಹಿಂದೆ ಮಂಕರಿ ಕಟ್ಟಿಕೊಂಡು, ಚೇರ್ಮನ್ ಮತ್ತು ಅದರ ಅಂತಃಪುರದ ಸಮೇತ ಮನೆಗೆ ಬಂದರೆ ಹೆಂಡತಿ ಜಗದಾಂಬ ಬಾಗಿಲಿಗೆ ಅಡ್ಡ!

“ಏನ್ರೀ ಅದು?”

“ಧರ್ಮನ ಆಸ್ತಿ.”

“ಆಸ್ತಿ ಕೊಕ್ ಕೊಕ್ ಅಂತೈತಲ್ರೀ!”

“ಸಾಕೋದಷ್ಟೇ ಕಣೇ, ತಿನ್ನೋದಲ್ಲ.”

“ನಮ್ಮತ್ತೆ ಇದ್ದಿದ್ರೆ ಕೋಳಿ ಜೊತೆ ನಿಮ್ಮನ್ನೂ ಮಂಕರಿ ಕೆಳಗೆ ಮುಚ್ಚಿರೋರು! ಕೊಟ್ಟಿಗೆಯಿಂದ ಈಚೆ ಒಂದು ಪುಕ್ಕ ಬರ್ಲಿ, ನಾನು ಆಲೂರಿನ ಬಸ್ ಹತ್ತಿ ತೌರಿಗೆ ಹೋಗೋದೇ!”

ಕಾವು ಕೂತ ಕೋಳಿ ಮರಿ ಮಾಡಿತು. ಜೀವಮಾನವಿಡೀ ಪುಸ್ತಕ ವಿಂಗಡಿಸಿದವರು ಮರಿ ವಿಂಗಡಿಸಲು ಕೂತರು. ಪರೀಕ್ಷೆ ಸರಳ. ನೆಲದ ಮೇಲೆ ಅಂಗೈ ಚಾಚುವುದು. ಕುಕ್ಕಿದ್ದು ಫೇಲು, ಓಡಿದ್ದು ಫೇಲು. ಒಂದು ಮಾತ್ರ ತಾನಾಗಿ ಅಂಗೈ ಹತ್ತಿ, ಅತ್ತಿತ್ತ ನೋಡಿ, ಅಲ್ಲೇ ನಿದ್ದೆ ಹೋಯಿತು. ಶಾಂತಮಲ್ಲಪ್ಪ ಸಂಜೆಯವರೆಗೆ ಕೈ ಅಲ್ಲಾಡಿಸಲಿಲ್ಲ. ಅದಕ್ಕೆ ‘ಸಾಧು’ ಎಂದು ನಾಮಕರಣವಾಯಿತು.

ಸಾಧು ಬೆಳೆಯಿತು. ಬೆಳೆಯಿತು ಎಂದರೆ, ಅಪ್ಪ ಚೇರ್ಮನ್ ಕತ್ತೆತ್ತಿ ನೋಡುವಷ್ಟು! ಕೊರಳು ಬೆಂಕಿಯ ಬಣ್ಣ, ಎದೆ ಹಸಿರು ಮಿಂಚು, ಬಾಲದಲ್ಲಿ ನೀಲಿಯ ಜಲಪಾತ. ಕರೆದರೆ ಓಡಿ ಬಂದು ತೊಡೆ ಏರುತ್ತಿತ್ತು. ಪೇಪರ್ ಓದಿದರೆ ಕೇಳುತ್ತಿತ್ತು. ಹಾಲಿನವನ ತೊಡೆ, ಮೀಟರ್ ನೋಡಲು ಬಂದವನ ತೊಡೆ, ಯಾರದಾದರೂ ಸರಿ! ಕೊಟ್ಟಿಗೆ ದಾಟಿತು, ಹಿತ್ತಲು ದಾಟಿತು, ಕೊನೆಗೆ ಅಡುಗೆಮನೆ ಹೊಸಿಲ ಮೇಲೇ ಕೂತಿತು.

“ತೌರಿಗೆ ಹೋಗ್ತೀನಿ ಅಂದಿದ್ಯಲ್ಲೇ?”

“ಹೋದ್ರೆ ಇದಕ್ಕೆ ನುಚ್ಚಕ್ಕಿ ಹಾಕೋರ್ಯಾರು? ನೀವಾ? ನಿಮಗೆ ಡಬ್ಬ ಎಲ್ಲೈತೆ ಅಂತ ಗೊತ್ತಾ?”

ಸಾಧು ಮೊದಲ ಸಲ ಕೂಗಿದ ದಿನ ಶಾಂತಮಲ್ಲಪ್ಪ ಸುದ್ದಿ ಹೇಳಲು ಫೋನ್ ತೆಗೆದರು. ಧರ್ಮನ ಹೆಸರು ಹುಡುಕಿದರು. ಹೆಸರು ಸಿಕ್ಕಿತು. ಸಿಕ್ಕ ಮೇಲೆ ಏನು ಮಾಡಬೇಕೆಂದು ತಿಳಿಯದೆ ಅದನ್ನೇ ನೋಡುತ್ತ ಕೂತರು. ಸಾಧು ಬಂದು ತೊಡೆ ಹತ್ತಿತು.

ವರ್ಷ ತುಂಬಿತು. ಧರ್ಮನಿಗೆ ಎಡೆ ಇಡುವ ದಿನ. ಶಾಂತಮಲ್ಲಪ್ಪ ಸಾಧುವಿನ ಮೈ ಒರೆಸಿ, ಪುಕ್ಕ ತೀಡಿ ಸಿದ್ಧ ಮಾಡಿದರು. ಜಗದಾಂಬ, ಸಾಕ್ಷಾತ್ ಜಗದಾಂಬ, ಅದರ ಕೊರಳಿಗೆ ಚೆಂಡುಹೂವಿನ ಸರ ಕಟ್ಟಿದರು. “ಬರಿಗೊರಳಲ್ಲಿ ಹೋಗ್ತದಾ ಮಗ?”

ಹೀಗೆ ದಂಪತಿಗಳು ಕೊಬ್ಬಿದ ಹುಂಜವೊಂದಕ್ಕೆ ಹೂ ಮುಡಿಸಿ, ಎಡೆಯ ದಿನ, ಮಾಂಸದ ಅಡುಗೆಯ ಮನೆಗೆ ಹೊತ್ತುಕೊಂಡು ಹೋದರು. ಇದರಲ್ಲೇನು ಅಪಾಯವಿದೆ ಎಂದು ಆ ಮನೆತನದವರಿಗೆ ಹೊಳೆಯುವುದಾದರೂ ಹೇಗೆ?

ಹಿತ್ತಲಲ್ಲಿ ಧರ್ಮನ ಚಿಕ್ಕಪ್ಪ ಕೆಂಚಯ್ಯ ಕತ್ತಿ ಮಸೆಯುತ್ತಿದ್ದ. ಸಾಧುವನ್ನು ಕಂಡದ್ದೇ ತಡ, ಅವನ ಕಣ್ಣಲ್ಲಿ ನೀರು.

“ನೋಡ್ರಲಾ! ಕೈಲೂ ಮುಟ್ಟದ ಜನ, ಗೆಣೆಕಾರನ ಎಡೆಗೆ ಅಂತ ಹುಂಜ ತಂದವ್ರೆ! ಏಯ್, ಫಾರಂ ಕೋಳಿ ತರಕ್ಕೆ ಹೋದವ್ನಿಗೆ ಫೋನ್ ಮಾಡಿ ಬ್ಯಾಡ ಅನ್ರೋ!”

ಶಾಂತಮಲ್ಲಪ್ಪ ಅಷ್ಟರಲ್ಲಿ ಸಾಧುವನ್ನು ಅಂಗಳಕ್ಕೆ ಬಿಟ್ಟು ಒಳಗೆ, ಧರ್ಮನ ಫೋಟೋ ಮುಂದೆ ನಿಂತಿದ್ದರು. ಮಂಜುಶ್ರೀ ಬಂದು ಕೈ ಮುಗಿದಳು.

“ಅಣ್ಣಾ, ನಿಮ್ ಋಣ ಹೆಂಗ್ ತೀರಿಸ್ಲಿ? ನಾಟಿಕೋಳಿ ಸಾರು ಅಂದ್ರೆ ಅವ್ರಿಗೆ ಪ್ರಾಣ.”

“ಹೌದಮ್ಮ, ಹೌದು. ...ಯಾವ ನಾಟಿಕೋಳಿ?”

“ನೀವು ತಂದಿದ್ದು. ಚಿಕ್ಕಪ್ಪ ಹಿತ್ತಲಿಗೆ ತಗಂಡೋದ್ರಲ್ಲ.”

ಶಾಂತಮಲ್ಲಪ್ಪ ಓಡಿದರು! ಪಂಚೆ ಒಂದು ಕಡೆ, ಚಪ್ಪಲಿ ಒಂದು ಕಡೆ. ಓಡುತ್ತಲೇ ತಮ್ಮ ಸಾಧನೆ ಏನೆಂದು ಅವರಿಗೆ ಅರ್ಥವಾಯಿತು. ಚೇರ್ಮನ್ ಆಗಿದ್ದರೆ ಕತ್ತಿ ಕಂಡೊಡನೆ ಒದ್ದು, ಸೂರು ಹತ್ತಿ, ಮಾರನಹಳ್ಳಿವರೆಗೆ ಹಾರಿರುತ್ತಿತ್ತು. ಸಾಧುವಿಗೋ, ಚಾಚಿದ ಕೈ ಎಂದರೆ ಅಕ್ಕಿ ಎಂದೇ ಅವರು ಕಲಿಸಿದ್ದರು.

ಹಿತ್ತಲಲ್ಲಿ ಕೆಂಚಯ್ಯ ಕತ್ತಿಯನ್ನು ದೂರ ಇಟ್ಟು ಕಲ್ಲಿನಂತೆ ಕೂತಿದ್ದ. ಸಾಧು ಅವನ ತೊಡೆಯ ಮೇಲೆ, ಮೊಣಕಾಲಿಗೆ ಕೊರಳು ಆನಿಸಿ ಮಲಗಿತ್ತು.

“ಏನ್ ಮಾಡಿಕ್ಕಿದ್ದೀರಿ ಸ್ವಾಮಿ ಇದುನ್ನ?” ಅವನ ದನಿ ಅಳುವಂತಿತ್ತು. “ಊರಿನ್ ಹುಂಜ ಎಲ್ಲ ಕುಯ್ದಿರೋನು ನಾನು. ಕತ್ತು ಹಿಡಿದ್ರೆ, ಕೆರೀತಾನೆ ಅನ್ಕಂಡು ಕಣ್ ಮುಚ್ಕತದೆ! ನನ್ ಕೈಲಾಗಕ್ಕಿಲ್ಲ. ತಗಂಡೋಗಿ ಅತ್ಲಾಗೆ!”

ಅಂತೂ ಜೀವ ಉಳಿಯಿತು. ಆದರೆ ಫಾರಂ ಕೋಳಿ ತರಲು ಹೋದವನು ಬರಿಗೈಲಿ ಹಿಂದಿರುಗಿದ್ದ, ಎಡೆಯ ಹೊತ್ತು ಮೀರುತ್ತಿತ್ತು. ಕೋಳಿ ಸಾರಿಗೆಂದೇ ಬೆಂದ ಕಡುಬು ಅನಾಥವಾಗಿ ಹುರುಳಿಕಾಳಿನ ಸಾರಿನ ಪಕ್ಕ ಎಲೆಯ ಮೇಲೆ ಕೂತಿತು. ಧೂಪ ಹಾಕಿದರು. ಹೋದವನು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತರು.

ಘಾಟಿಯಲ್ಲಿ ಯಾವುದೋ ಲಾರಿ ಗೇರು ಬದಲಿಸುತ್ತಿತ್ತು. ಅದರ ಸದ್ದು ಅಡಗಿದ ಮೇಲೆ ಒಳಗಿನಿಂದ ಕೇಳಿಸಿತು: ಟಕ್. ಟಕ್ ಟಕ್. ಎಲೆ ಸರಿದ ಸದ್ದು.

ಲೈಬ್ರೆರಿಯ ಅಷ್ಟೂ ಪುಸ್ತಕ ಓದಿ, ಸತ್ತವರು ಬರುವುದಿಲ್ಲವೆಂದು ಎಲ್ಲರಿಗೂ ವಾದಿಸಿ ಹೇಳುತ್ತಿದ್ದ ಶಾಂತಮಲ್ಲಪ್ಪ ಬಾಗಿಲ ಮೇಲೆ ಅಂಗೈ ಇಟ್ಟರು. ಭಾನುವಾರ ಗೇಟಿನಲ್ಲಿ ಕರೆಯುತ್ತಿದ್ದಂತೆಯೇ ಮೆಲ್ಲಗೆ ಕರೆದರು.

“ಧರ್ಮಾ?”

“ಕೊಕ್ಕೊಕ್ಕೋ ಕೋ!” ಎಂದಿತು ಒಳಗಿನಿಂದ.

ಬಾಗಿಲು ತೆಗೆದರೆ ಸಾಧು! ಅಡುಗೆಮನೆಯ ಕಡೆಯಿಂದ ನುಗ್ಗಿ, ಎಲೆಯ ನಡುವೆ ನಿಂತು, ಕೊಕ್ಕಿನ ತುಂಬ ಕಡುಬು ಮೆತ್ತಿಕೊಂಡು, ಫೋಟೋದಲ್ಲಿದ್ದ ಧರ್ಮನನ್ನು ಕತ್ತು ಓರೆ ಮಾಡಿ ನೋಡುತ್ತಿತ್ತು.

ಮೊದಲು ನಕ್ಕವಳು ಮಂಜುಶ್ರೀ. ವರ್ಷದಲ್ಲಿ ಮೊದಲ ಸಲ.

“‘ನನ್ ಎಲೇಲೇ ಉಣ್ಬೇಕು’ ಅಂತಿದ್ರಲ್ಲಣ್ಣಾ ಅವ್ರು, ಉಂಡ್ತು ನೋಡಿ! ಸೊಪ್ಪಿನ ಸಾರು ಮಾಡಿದ್ರೆ ತಟ್ಟೆ ತಳ್ತಿದ್ದ ಮನುಷ್ಯನ್ನ ಹಿಡಿದು ನಿಮ್ ಮಠಕ್ಕೆ ಸೇರಿಸ್ಬುಟ್ರಲ್ಲ!” ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ಕೈ ಚಾಚಿದಳು. ಸಾಧು ಹೋಗಿ ಅವಳ ತೋಳು ಏರಿತು. “ಇದೂ ಅವ್ರಂಗೇ ಕಣಣ್ಣಾ. ಯಾರ್ ಕರೆದ್ರೂ ಹೋಗ್ಬುಡೋದು.”

ಹಿಂದಿರುಗುವಾಗ ಸ್ಕೂಟರಿನಲ್ಲಿ ಗಂಡ ಹೆಂಡಿರ ನಡುವೆ ಸಾಧು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿತ್ತು. ಹೇಮಾವತಿ ಸೇತುವೆ ಬಂತು. ಜಗದಾಂಬ ಗಂಡನ ಬೆನ್ನಿಗೆ ಹೇಳಿದರು:

“ಕೇಳಿಸ್ತೇನ್ರೀ? ಮುಂದಿನ ಸಲ ಮರಿ ಆರಿಸುವಾಗ ಗುಣ ಸ್ವಲ್ಪ ಕಮ್ಮಿ ಮಾಡಿ. ಚೇರ್ಮನ್ನನ ಸಿಟ್ಟು ಒಂಚೂರು ಇರ್ಲಿ. ಕರೆದೋರನ್ನೆಲ್ಲ ಮೊದಲು ಒಂದ್ಸಲ ಒದೀಲಿ!”