ಬಾತುಕೋಳಿಯ ಬಿಕ್ಕಳಿಕೆ

ಪಿಯಾನೊ ಮೇಷ್ಟ್ರ ಹಣೆಬರಹ ಆ ಸಂಜೆ ಒಂದು ಬಾತುಕೋಳಿಯ ಕೈಯಲ್ಲಿತ್ತು. ಬಾತುಕೋಳಿಗೆ ಕೈಯೆಲ್ಲಿ ಅಂತೀರಾ? ಅದೇ ನೋಡಿ ಅವರ ದುರದೃಷ್ಟ.

'ಬಾತುಕೋಳಿಯ ಬಿಕ್ಕಳಿಕೆ' ಎಂಬುದು ಅವರೇ ಕಟ್ಟಿದ ಪುಟಾಣಿ ಪಾಠ. ಹೊಸದಾಗಿ ಕಲಿಯುವ ಮಕ್ಕಳಿಗೆ ಬೇಸರ ಬರಬಾರದೆಂದು ಇಂಥವನ್ನು ರಾಶಿ ಹಾಕಿದ್ದರು: ಕಪ್ಪೆ ಕುಪ್ಪಳಿಸುವುದು, ಇಲಿ ಸೀನುವುದು, ಆನೆ ಜಾರುಬಂಡೆ ಆಡುವುದು. ಬಾತುಕೋಳಿ ಬಿಕ್ಕಳಿಸಿದಾಗೆಲ್ಲ ಮಗು ಎರಡೂ ಕೈಯನ್ನು ಮೇಲೆತ್ತಿ, ಒಂದು ಕ್ಷಣ ತಡೆದು, ಮತ್ತೆ ಇಳಿಸಬೇಕು. ಅಷ್ಟೇ.

ಹೆಡ್ ಮೇಡಂ ಬೆಳಿಗ್ಗೆಯೇ ಕಡ್ಡಿ ಮುರಿದ ಹಾಗೆ ಹೇಳಿದ್ದರು. "ಇವತ್ತು ವಾರ್ಷಿಕೋತ್ಸವದಲ್ಲಿ ನಿಮ್ಮ ಕ್ಲಾಸಿನ ಒಂದು ಮಗುವಾದ್ರೂ ಒಂದು ಪಾಠ ಪೂರ್ತಿ ನುಡಿಸಬೇಕು ಮೇಷ್ಟ್ರೇ. ಇಲ್ಲಾಂದ್ರೆ ನಾಳೆಯಿಂದ ಆ ರೂಮು ಕರಾಟೆಗೆ, ನೀವು ಮನೆಗೆ."

ಮೇಡಂಗೆ ಸಂಗೀತದ ಗಂಧಗಾಳಿ ಇಲ್ಲ, ಯಂತ್ರವೆಂದರೆ ಪ್ರಾಣ. ಹೋದ ವರ್ಷ ತಾನಾಗಿ ಬಾರಿಸಿಕೊಳ್ಳುವ ಗಂಟೆ ತರಿಸಿದರು. ಗಂಟೆ ಬಾರಿಸುತ್ತಿದ್ದ ಮುದುಕ ಈಗ ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾನೆ. ಮೇಷ್ಟ್ರಿಗೆ ಮೊಮ್ಮಕ್ಕಳೂ ಇಲ್ಲ.

ಕ್ಲಾಸಿನಲ್ಲಿ ಭರವಸೆಗೆ ಇದ್ದವಳು ಬಟಾಣಿ ಒಬ್ಬಳೇ. ದುಂಡಗೆ, ಚಿಕ್ಕದಾಗಿ, ಒಂದು ಕಡೆ ನಿಲ್ಲದೆ ಉರುಳಾಡುವುದಕ್ಕೆ ಅವಳಿಗೆ ಆ ಹೆಸರು. ಮಧ್ಯಾಹ್ನ ಅವಳು ಪಾಠವನ್ನು ಪೂರ್ತಿ ನುಡಿಸಿದಳು. ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು. ಅವಳಿಗೆ ಚಾಕೊಲೇಟು ತರಲು ಅಂಗಡಿಗೆ ಹೋದರು. ಹೋಗಬಾರದಿತ್ತು.

ತಿರುಗಿ ಬಂದಾಗ ಚಿತ್ರಕಲೆ ಟೀಚರ್ ಪಿಯಾನೊ ಮುಂದೆ ಬೀಗುತ್ತ ನಿಂತಿದ್ದರು. "ನೋಡಿ ಮೇಷ್ಟ್ರೇ, ಮಗು ತಪ್ಪಬಾರ್ದು ಅಂತ ಪ್ರತಿ ಕೀ ಮೇಲೂ ಒಂದೊಂದು ಬಾತುಕೋಳಿ ಅಂಟಿಸಿದೀನಿ!"

ಅಂಟು ಧಾರಾಳವಾಗಿ ಸುರಿದಿದ್ದರು. ಅದು ಸಂದಿಗಳಿಗೆಲ್ಲ ಇಳಿದು ಒಣಗಿತ್ತು. ಮೇಷ್ಟ್ರು ಒತ್ತಿದರೆ ಒಂದು ಕೀಯೂ ಅಲುಗಲಿಲ್ಲ.

"ಅಯ್ಯೋ, ಏನ್ ಮಾಡಿಬಿಟ್ರಿ!"

"ಒಳ್ಳೇದು ಮಾಡೋಕೆ ಬಂದ್ರೆ ಬೈಗುಳ," ಎಂದು ಟೀಚರ್ ಮೂತಿ ತಿರುಗಿಸಿದರು.

ಕೂಗು ಕೇಳಿ ಪಿ.ಟಿ. ಮಾಸ್ತರರು ಓಡಿಬಂದರು. "ಸರೀರಿ, ನಾನ್ ಬಿಡಿಸ್ತೀನಿ," ಎಂದು ಹಲ್ಲು ಕಚ್ಚಿ ಎಳೆದರು. ಕೀ ಹಾಲುಹಲ್ಲಿನಂತೆ ಅವರ ಕೈಗೇ ಬಂತು. ಅದನ್ನು ಮೆಲ್ಲಗೆ ಜೇಬಿಗಿಳಿಸಿ, "ಯೋಚ್ನೆ ಯಾಕೆ?" ಎಂದರು. "ಪ್ರಾರ್ಥನೆಗೆ ನುಡಿಸೋ ಕೀಬೋರ್ಡ್ ಇದೆಯಲ್ಲ! ನೀವು ಪರದೆ ಹಿಂದೆ ನುಡಿಸಿ, ಅವಳು ಮುಂದೆ ಬೆರಳಾಡಿಸ್ಲಿ. ಆದ್ರೆ ತೀರಾ ಚೆನ್ನಾಗಿ ನುಡಿಸ್ಬೇಡಿ ಮತ್ತೆ, ಸಿಕ್ಕಿಬೀಳ್ತೀರಿ."

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಮೇಷ್ಟ್ರು ಒಪ್ಪಿದರು.

ಸಂಜೆ ಪಿಯಾನೊ ವೇದಿಕೆಗೆ ಬಂತು, ಮೇಷ್ಟ್ರು ಪರದೆಯ ಹಿಂದೆ ಬೆವರುತ್ತ ಕೂತು ಕೀಬೋರ್ಡ್ ನುಡಿಸತೊಡಗಿದರು. ನಡುನಡುವೆ ಬೇಕೆಂದೇ ಎಡವಿದರು, ಒಂದೆರಡು ಕಡೆ ತಪ್ಪು ಕೀ ಒತ್ತಿದರು. ಥೇಟ್ ಮಗುವೇ! ಬಾತುಕೋಳಿ ಬಿಕ್ಕಳಿಸುವ ಜಾಗ ಬಂತು. ಮುಂದೆ ಪಿಯಾನೊ ಬಳಿ ಕೂತಿದ್ದ ಬಟಾಣಿ ಎರಡೂ ಕೈ ಎತ್ತಿದಳು. ಎತ್ತಿದವಳಿಗೆ ಮೊದಲ ಸಾಲಿನಲ್ಲಿ ಅಜ್ಜಿ ಕಂಡರು. "ಅಜ್ಜೀ!" ಎಂದು ಕೈ ಬೀಸಿದಳು. ಬೀಸುತ್ತಲೇ ಇದ್ದಳು. ಪಿಯಾನೊ ತನ್ನ ಪಾಡಿಗೆ ತಾನು ಪಾಠವನ್ನು ಕೊನೆಯವರೆಗೂ ನುಡಿಸಿ ಮುಗಿಸಿತು.

ಚಪ್ಪಾಳೆಯೋ ಚಪ್ಪಾಳೆ! ಗೆದ್ದೆನೆಂದು ಮೇಷ್ಟ್ರು ಹೊರಗೆ ಬಂದರೆ ಹೆಡ್ ಮೇಡಂ ಪಿಯಾನೊವನ್ನು ಕರುವಿನಂತೆ ನೇವರಿಸುತ್ತಿದ್ದರು.

"ಎಂಥಾ ಯಂತ್ರ ಮೇಷ್ಟ್ರೇ! ತಾನಾಗೇ ನುಡಿಯುತ್ತೆ! ಇಷ್ಟು ದಿನ ಯಾಕೆ ಹೇಳ್ಲಿಲ್ಲ? ಪಿಯಾನೊ ಇಲ್ಲೇ ಇರ್ಲಿ, ಕ್ಲಾಸೂ ನಡೀಲಿ. ಇನ್ನು ಮೇಷ್ಟ್ರು ಯಾಕೆ ಬೇಕು? ನಾಳೆಯಿಂದ ನೀವು ಬರೋದು ಬೇಡ."

ಮೇಷ್ಟ್ರಿಗೆ ಗಂಟೆಯ ಮುದುಕ ಕಣ್ಣಮುಂದೆ ಬಂದ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. "ಮೇಡಂ, ಅದು ಯಂತ್ರ ಅಲ್ಲ! ಪರದೆ ಹಿಂದೆ ನುಡಿಸಿದ್ದು ನಾನು!"

ಮೇಡಂ ಪರದೆ ಸರಿಸಿದರು. ಕೀಬೋರ್ಡು ಕಂಡಿತು.

"ನುಡಿಸಿದ್ದೆಲ್ಲಾ ನೀವೇನಾ?"

"ನಾನೇ ಮೇಡಂ! ಶುರುವಿಂದ ಕೊನೇ ತನಕ!"

"ಆ ತಪ್ಪುಗಳೂ ನಿಮ್ಮವೇನಾ?"

ಮೇಷ್ಟ್ರು ಪರದೆಯನ್ನು ಮತ್ತೆ ಎಳೆದು ಮುಚ್ಚಲು ಹೋದರು.

"ಸಂಗೀತ ಗೊತ್ತಿಲ್ಲದ ನನಗೇ ಕೇಳಿಸ್ತು. ಮಗು ಅಥವಾ ಮಿಷನ್ನು ಎಡವಿದ್ರೆ ಸುಮ್ನಿರಬಹುದು. ಮಕ್ಕಳ ಪಾಠಾನೂ ನೆಟ್ಟಗೆ ನುಡಿಸೋಕೆ ಬರದವರು ಇಷ್ಟು ವರ್ಷ ಏನ್ರೀ ಕಲಿಸಿದ್ರಿ?"

ಮೇಷ್ಟ್ರು ಪಿ.ಟಿ. ಮಾಸ್ತರರ ಕಡೆ ನೋಡಿದರು. ಮಾಸ್ತರರು ಕರಾಟೆಯ ಚಾಪೆಗಳನ್ನು ಹೊತ್ತುಕೊಂಡು ಪಿಯಾನೊ ರೂಮಿನ ಕಡೆ ನಡೆದಿದ್ದರು. ಗಂಟೆ ತಾನಾಗಿ ಬಾರಿಸಿಕೊಂಡಿತು.

ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ಬಿಕ್ಕಿದರು. ಮತ್ತೆ ಬಿಕ್ಕಿದರು. ಯಾರೋ ಅಂಗಿ ಜಗ್ಗಿದಂತಾಯಿತು. ಬಟಾಣಿ ತನ್ನ ನೀರಿನ ಬಾಟಲಿ ಹಿಡಿದು ನಿಂತಿದ್ದಳು.

"ಎರಡೂ ಕೈ ಮೇಲೆತ್ತಿ ಮೇಷ್ಟ್ರೇ," ಎಂದಳು. "ಆಮೇಲೆ ನೀರು ಕುಡೀರಿ."